ಮಾಂಸ ಎಲ್ಲಿಂದ ಬರುತ್ತದೆಂದು ಮಗಳಿಗೆ ತಿಳಿಯಿತು; ಕೊಯ್ಯುವವರ ಬಗ್ಗೆ ಏನು ಹೇಳಲಿ?

ಪ್ರಶ್ನೆ
ನಾವು ಮಂಡ್ಯ ಕಡೆಯವರು, ಇರುವುದು ಬೆಂಗಳೂರಿನಲ್ಲಿ. ಇಲ್ಲಿ ಮಾಂಸ ಮನೆಗೆ ಬರುವುದು ತೊಳೆದು, ತುಂಡು ಮಾಡಿ, ಡಬ್ಬಿಯಲ್ಲಿ ಮುಚ್ಚಿಟ್ಟು. ಯುಗಾದಿಯ ಮರುದಿನ ಹೊಸತೊಡಕಿಗೆ ಊರಿಗೆ ಹೋಗಿದ್ದಾಗ, ಮರಿ ಕೊಳ್ಳಲೆಂದು ಚೀಟಿ ಕಟ್ಟಿದ ಮನೆಯವರೆಲ್ಲ ನಸುಕಿನಲ್ಲೇ ಸೇರಿ ಮರಿ ಕೊಯ್ದು, ಮಾಂಸವನ್ನು ಸಮನಾಗಿ ಗುಡ್ಡೆ ಹಾಕುವುದನ್ನು ಎಂಟು ವರ್ಷದ ಮಗಳು ಮೊದಲ ಬಾರಿಗೆ ಕಂಡಳು. ತಾನು ತಿನ್ನುವುದು ಇದನ್ನೇ ಎಂದು ತಿಳಿದು ಅತ್ತಳು. ನಾನು ಸುಳ್ಳು ಹೇಳಿ ಸಮಾಧಾನಪಡಿಸಲಿಲ್ಲ. ಆದರೆ ಹಿಂದಿರುಗುವಾಗ ಅವಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: “ಅಮ್ಮ, ದೊಡ್ಡಪ್ಪ ಕಟುಕನಾ?” ಕರುಣೆಯಿಲ್ಲದವರನ್ನು ನಾನು ಆ ಪದದಿಂದ ಬೈಯುವುದನ್ನು ಅವಳು ಕೇಳಿದ್ದಾಳೆ. ವರ್ಷಕ್ಕೊಮ್ಮೆ ಕೊಯ್ಯುವ ಭಾವನವರನ್ನು ಗೌರವಿಸುವ ನಾನು, ನಮಗಾಗಿ ದಿನವೂ ಕೊಯ್ಯುವವರನ್ನು ಏಕೆ ಹಾಗೆ ಕಾಣುತ್ತೇನೆ? ಮಗಳಿಗೆ ಏನು ಹೇಳಬೇಕು?

ಉತ್ತರ 1
ಕಸಾಯಿಖಾನೆಯೊಂದರಲ್ಲಿ ಪಶುವೈದ್ಯನಾಗಿ ಕೆಲಸ ಮಾಡಿದ ಅನುಭವದಿಂದ ಬರೆಯುತ್ತಿದ್ದೇನೆ. 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಒಬ್ಬ ಪಶುವೈದ್ಯರು ಗಂಟೆಗೆ 12, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸುವಂತಿಲ್ಲ. ಗಬ್ಬವಾದ ಪ್ರಾಣಿಯನ್ನಾಗಲಿ, ಮೂರು ತಿಂಗಳೊಳಗಿನ ಮರಿಯನ್ನಾಗಲಿ ಕೊಯ್ಯುವಂತಿಲ್ಲ. ಒಂದನ್ನು ಇನ್ನೊಂದರ ಕಣ್ಣೆದುರು ಕೊಯ್ಯುವಂತಿಲ್ಲ. 18 ತುಂಬದವರನ್ನು ಈ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಇವೆಲ್ಲ ಪಾಲನೆಯಾದರೂ, ಕೊನೆಯ ಕ್ಷಣದಲ್ಲಿ ಪ್ರಾಣಿ ಎಷ್ಟು ನರಳುತ್ತದೆಂಬುದು ಚೂರಿಯ ಹರಿತವನ್ನೂ ಅದನ್ನು ಹಿಡಿದ ಕೈ ಎಷ್ಟು ಪಳಗಿದೆ ಎಂಬುದನ್ನೂ ಅವಲಂಬಿಸಿದೆ. ಆ ಕೈಗೆ ಗಾಯಗಳು ಸಾಮಾನ್ಯ. ರಕ್ತವನ್ನೂ ಒಳಾಂಗಗಳನ್ನೂ ಬರಿಗೈಯಲ್ಲಿ ಮುಟ್ಟುವವರಿಗೆ ಬ್ರುಸೆಲ್ಲೋಸಿಸ್ ಎಂಬ, ಪ್ರಾಣಿಗಳಿಂದ ಹರಡುವ ರೋಗ ತಗಲುವ ಅಪಾಯವಿದೆ. ಅದರ ಜ್ವರ ವಾರಗಟ್ಟಲೆ ಬಂದು ಹೋಗುತ್ತಿರುತ್ತದೆ, ಕೀಲುನೋವು ಬಹುಕಾಲ ಕಾಡಬಹುದು. ಇದು ಕಲಿತು ಮಾಡಬೇಕಾದ, ಅಪಾಯದ ಕೆಲಸವೆಂದು ಮಗಳಿಗೆ ಹೇಳಿ.

ಉತ್ತರ 2
ನಾನು ಸಸ್ಯಾಹಾರಿ, ಕೊಲ್ಲುವುದು ಸರಿಯೆಂದು ನನಗೆ ಅನ್ನಿಸುವುದಿಲ್ಲ. ಆದರೂ ತಿನ್ನುವವರನ್ನು ಬಿಟ್ಟು ಕೊಯ್ಯುವವರನ್ನು ಮಾತ್ರ ಹೀನವಾಗಿ ಕಾಣುವುದು ಅನ್ಯಾಯ. ಮಹಾಭಾರತದಲ್ಲಿ ಬರುವ ಧರ್ಮವ್ಯಾಧನ ಕಥೆ ಹೇಳಿ: ಮಿಥಿಲೆಯಲ್ಲಿ ಮಾಂಸ ಮಾರುತ್ತಿದ್ದವನ ಬಳಿಗೆ ಕೌಶಿಕನೆಂಬ ಬ್ರಾಹ್ಮಣ ಧರ್ಮ ತಿಳಿಯಲು ಹೋದ.

ಉತ್ತರ 3
ಮೇಲಿನವರ ಸದುದ್ದೇಶವನ್ನು ಗೌರವಿಸುತ್ತೇನೆ. ಆದರೆ ಆ ಕಥೆಯಲ್ಲೂ ವ್ಯಾಧ ತಾನು ಸ್ವತಃ ಕೊಲ್ಲುವುದಿಲ್ಲ, ಇತರರು ಕೊಂದದ್ದನ್ನು ಮಾರುತ್ತೇನೆ ಎನ್ನುತ್ತಾನೆ. ಕೊಂದವರು ಅಲ್ಲಿಯೂ ಕಥೆಯ ಹೊರಗೇ ಉಳಿದರು. ನನ್ನ ತಂದೆ ಮೂವತ್ತು ವರ್ಷ ಕೊಯ್ಯುವ ಕೆಲಸ ಮಾಡಿದವರು. ನನ್ನ ಶಾಲೆಯ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ‘ವ್ಯಾಪಾರ’ ಎಂದು ಬರೆಸಿದರು. ಬಾಡಿಗೆ ಮನೆ ಕೇಳಲು ಹೊರಟಾಗ ವಾಸನೆ ಉಳಿದೀತೆಂದು ಎರಡೆರಡು ಸಲ ಸ್ನಾನ ಮಾಡುತ್ತಿದ್ದರು. ಈ ಕೆಲಸ ಬಹುಪಾಲು ಕೆಲವೇ ಸಮುದಾಯಗಳ ಪಾಲಿಗೆ ಬಂದಿರುವುದರಿಂದ, ನೀವು ಬೈಯಲು ಬಳಸುವ ಆ ಪದ ನಮ್ಮ ಮನೆಗಳಿಗೇ ಬಂದು ತಗಲುತ್ತದೆ. ಡಬ್ಬಿ ತರಿಸುವುದನ್ನು ಒಂದು ವಾರ ಬಿಟ್ಟು, ಮಗಳನ್ನು ಹತ್ತಿರದ ಮಾಂಸದಂಗಡಿಗೆ ಕರೆದುಕೊಂಡು ಹೋಗಿ. ಅಲ್ಲಿರುವವರನ್ನು ಅಣ್ಣ ಎಂದು ಕರೆದು ಮಾತಾಡಿಸಿ.

ಪ್ರಶ್ನೆ ಕೇಳಿದವರು
ನಿಮ್ಮ ತಂದೆಯವರ ವಿಷಯ ಓದಿ ಬಹಳ ನೋವಾಯಿತು. ದೊಡ್ಡಪ್ಪ ಅಂದು ಮಾಡಿದ್ದೂ ಅದೇ ಕೆಲಸವೆಂದೂ, ಆ ಪದವನ್ನು ಬೈಗುಳವಾಗಿ ಬಳಸಿದ್ದು ನನ್ನ ತಪ್ಪೆಂದೂ ಮಗಳಿಗೆ ಹೇಳಿದೆ. ಭಾನುವಾರ ಅಂಗಡಿಗೆ ಹೋಗುತ್ತೇವೆ. ಕೊಯ್ಯುವುದನ್ನು ಮಾತ್ರ ನೋಡುವುದಿಲ್ಲ ಎಂದಿದ್ದಾಳೆ, ಒಪ್ಪಿದ್ದೇನೆ.