ಪದ ಬೇಕು: ಬುಧಗ್ರಹದ 'ಸ್ಕಾರ್ಪ್'ಗೆ ಏನನ್ನೋಣ?

ನಮಸ್ಕಾರ. ಗ್ರಹಗಳ ಪ್ರದರ್ಶನವೊಂದಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಬುಧನ ಮೇಲಿರುವ ಡಿಸ್ಕವರಿ ರೂಪೇಸ್ ಎಂಬ ಸ್ಕಾರ್ಪಿನ, ಅಂದರೆ ನೆಲ ಮೆಟ್ಟಿಲಿನಂತೆ ಒಂದು ಕಡೆ ಎತ್ತರಕ್ಕೆ ನಿಂತ ಉದ್ದನೆಯ ಅಂಚಿನ, ಚಿತ್ರ ಇದೆ. ಸುಮಾರು 650 ಕಿ.ಮೀ. ಉದ್ದ, ಎತ್ತರ ಕೆಲವೆಡೆ 2 ಕಿ.ಮೀ. ಹೆಸರು ಹಾಗೇ ಇರಲಿ. ಕೆಳಗಿನ ವಿವರಣೆಗೆ ಮಾತ್ರ 'ಸ್ಕಾರ್ಪ್', 'ಫಾಲ್ಟ್' (ಬಂಡೆ ಒಡೆದು ಸರಿದ ಜಾಗ) ಎರಡಕ್ಕೂ ಕನ್ನಡ ಬೇಕು. ಸದ್ಯಕ್ಕೆ ಪ್ರಪಾತ, ಸ್ತರಭಂಗ ಎಂದು ಹಾಕಿದ್ದೇನೆ. ನಡೆಯುತ್ತಾ?

ಉತ್ತರ: ಪ್ರಪಾತ ಬೇಡ. ಅಪೊಲೊ 17ರ ಗಗನಯಾತ್ರಿಗಳು 1972ರಲ್ಲಿ ಚಂದ್ರನ ಲೀ-ಲಿಂಕನ್ ಸ್ಕಾರ್ಪನ್ನು ರೋವರ್ ಓಡಿಸಿಕೊಂಡೇ ಹತ್ತಿದರು. ಪ್ರಪಾತವನ್ನು ಗಾಡಿಯಲ್ಲಿ ಹತ್ತುತ್ತಾರಾ? ಚಂದ್ರನ ಮೇಲಿನ 'ನೇರ ಗೋಡೆ', ಅಂದರೆ ರೂಪೇಸ್ ರೆಕ್ಟಾ ಕೂಡ ಹಾಗೇ. ಬಿಸಿಲು ಓರೆಯಾಗಿ ಬಿದ್ದಾಗ ದೂರದರ್ಶಕದಲ್ಲಿ ಕಪ್ಪು ಗೆರೆ ಎಳೆದಂತೆ ಕಾಣುತ್ತೆ. ಉದ್ದ 110 ಕಿ.ಮೀ., ಎತ್ತರ ಮುನ್ನೂರು ಮೀಟರ್ ಒಳಗೆ. ಆದರೆ ಅಷ್ಟು ಇಳಿಯೋದಕ್ಕೆ ಎರಡು ಮೂರು ಕಿ.ಮೀ. ಅಗಲ ತಗೊಳ್ಳುತ್ತೆ. ಗೋಡೆಯೆಲ್ಲ ನೆರಳಿನ ಆಟ. 'ಧರೆ' ಎನ್ನಿ. 'ಧರೆ ಕುಸಿತ' ಎಂದು ಪತ್ರಿಕೆಯಲ್ಲಿ ಓದುತ್ತೀವಲ್ಲ, ಅದೇ. ಧರೆಗೆ ಒಂದೇ ಮುಖ. ಹಿಂದೆ ನೆಲ ಎತ್ತರದಲ್ಲೇ ಮುಂದುವರಿಯುತ್ತೆ. ಸ್ಕಾರ್ಪೂ ಹಾಗೇ, ಗುಡ್ಡದಂತೆ ಎರಡೂ ಕಡೆ ಇಳಿಯಲ್ಲ.

ಉತ್ತರ: ಧರೆ ಅಂದ್ರೆ ಭೂಮಿ. ಬುಧನ ಮೇಲೆ ಭೂಮಿ ಇದೆ ಅಂತ ಬರೆಸುತ್ತೀರಾ?

ಉತ್ತರ: ಅದು ಬೇರೆ, ಇದು ಬೇರೆ. 'ದರೆ' ಎಂದು ಬರೆದರೆ ಗೊಂದಲವೇ ಇಲ್ಲ. ಜನರ ಬಾಯಲ್ಲಿರೋದೂ ಅದೇ. ಮಹಾಪ್ರಾಣ ಆಮೇಲೆ ಯಾರೋ ಅಂಟಿಸಿದ್ದಿರಬೇಕು. ಸ್ತರಭಂಗವನ್ನೂ ಬಿಡಿ, 'ಜಾರುಬಿರುಕು' ಎನ್ನಿ.

ಉತ್ತರ: ಸ್ವಾಮಿ, ಸಂಸ್ಕೃತದಲ್ಲಿ 'ದರೀ' ಅಂತಲೂ ಇದೆ. ಕಂದರ, ಗುಹೆ ಅಂತ ಅರ್ಥ. ಮಹಾಪ್ರಾಣ ಕಿತ್ತ ಮಾತ್ರಕ್ಕೆ ಪದ ನಿಮ್ಮ ಮನೆಯದಾಗಲ್ಲ. ಇನ್ನು ಸ್ತರಭಂಗ ಪಠ್ಯಪುಸ್ತಕದಲ್ಲಿದೆ. ಮುಗೀತು.

ಉತ್ತರ: ಪಠ್ಯದಲ್ಲಿದ್ದರೆ ಮುಗೀತಾ? ಫಾಲ್ಟ್ ಆಗೋಕೆ ಸ್ತರ ಇರಲೇಬೇಕಂತಿಲ್ಲ, ಗಟ್ಟಿ ಗ್ರಾನೈಟಿನಲ್ಲೂ ಆಗುತ್ತೆ. ಬಂಡೆ ಒಡೆದು ಎರಡು ಮಗ್ಗುಲೂ ಒಂದರ ಪಕ್ಕ ಒಂದು ಸರಿದಿರಬೇಕು, ಅಷ್ಟೇ. ಸರಿಯದಿದ್ದರೆ ಬರೀ ಬಿರುಕು. ಆ ಲೆಕ್ಕಕ್ಕೆ ಜಾರುಬಿರುಕು ಅರ್ಥವಾಗೋ ಪದ. ಆದರೆ ಬುಧನಲ್ಲಿ ಆಗಿರೋದು ಕೆಳಗೆ ಜಾರಿದ್ದಲ್ಲ, ಮೇಲೇರಿದ್ದು. ಗ್ರಹದ ಒಡಲು ತಣ್ಣಗಾಗುತ್ತ ಕುಗ್ಗಿತು. ತ್ರಿಜ್ಯ 7 ಕಿ.ಮೀ.ವರೆಗೂ ಕಡಿಮೆಯಾಗಿರಬಹುದು ಎಂಬುದು ಮೆಸೆಂಜರ್ ನೌಕೆಯ ಚಿತ್ರಗಳಿಂದ ಹಾಕಿದ ಲೆಕ್ಕ. ಹೊರಪದರಕ್ಕೆ ಜಾಗ ಸಾಲದೆ ಒಂದು ಮಗ್ಗುಲು ಇನ್ನೊಂದರ ಮೇಲೆ ಹತ್ತಿತು. ರೂಪೇಸ್ ರೆಕ್ಟಾದಲ್ಲಿ ಇದರ ಉಲ್ಟಾ. ಅಲ್ಲಿ ನೆಲ ಎಳೆದಂತಾಗಿ ಒಂದು ಕಡೆ ಕುಸಿದಿದೆ. ಎರಡಕ್ಕೂ ಒಂದೇ ಪದ ಸಾಕು, ಆದರೆ ಏರಿದ್ದೋ ಇಳಿದದ್ದೋ ಫಲಕದಲ್ಲಿ ಹೇಳಿ.

ಉತ್ತರ: ಯಾರೂ ಆಡದ ಪದ ಕಟ್ಟಿ ಅಚ್ಚಗನ್ನಡ ಅನ್ನೋದಕ್ಕಿಂತ ಫಾಲ್ಟ್ ಅಂತಲೇ ಬರೆಯೋದು ವಾಸಿ. ಭಾಷೆ ಬೆಳೆಯೋದೇ ಕಡ ತಂದು.

ಉತ್ತರ: ಹಾಗಾದ್ರೆ ಬಂಡೆಗೂ ರಾಕ್ ಅನ್ನಿ. ಕನ್ನಡದಲ್ಲಿ ಹೊಸದನ್ನು ಹೇಳೋಕೇ ಆಗಲ್ಲ ಅಂತ ಮೊದಲೇ ಕೈಚೆಲ್ಲಿದವರ ಜೊತೆ ಏನು ಚರ್ಚೆ?

ಮೂಲ ಪ್ರಶ್ನೆ ಕೇಳಿದವಳು: ಆ ಜಗಳ ನೀವು ಮುಂದುವರಿಸಿ, ನನಗೆ ಹೊತ್ತಾಯಿತು. ಹೀಗೆ ಕಳಿಸುತ್ತಿದ್ದೇನೆ: "ಡಿಸ್ಕವರಿ ರೂಪೇಸ್ ಒಂದು ದರೆ. ಬುಧಗ್ರಹ ಕುಗ್ಗಿದಾಗ ನೆಲ ಒಡೆದು, ಒಂದು ಮಗ್ಗುಲು ಇನ್ನೊಂದರ ಮೇಲೇರಿ ಹುಟ್ಟಿದ್ದು." ಫಾಲ್ಟಿಗೆ ಪದವೇ ಬೇಕಾಗಲಿಲ್ಲ. ಯುರೇನಸ್ಸಿನ ಚಂದ್ರ ಮಿರಾಂಡಾ ಇನ್ನೊಂದು ಫಲಕದಲ್ಲಿದೆ. 1986ರಲ್ಲಿ ವಾಯೇಜರ್ 2 ನೌಕೆ ತೆಗೆದ ಚಿತ್ರದಲ್ಲಿ ವೆರೋನಾ ರೂಪೇಸ್ ನಿಜಕ್ಕೂ ಕಡಿದು ನಿಲ್ಲಿಸಿದಂತಿದೆ, ಎತ್ತರ 20 ಕಿ.ಮೀ. ಇರಬಹುದೆಂಬ ಅಂದಾಜಿದೆ. ಅಲ್ಲಿ ಮಾತ್ರ ಪ್ರಪಾತ ಉಳಿಸಿಕೊಳ್ಳುತ್ತೇನೆ.