ಪದಚರ್ಚೆ: ಹಿಮನದಿಯ ‘ಮಾಸ್ ಬ್ಯಾಲೆನ್ಸ್’ – ಸಮತೋಲನವೋ ಜಮಾಖರ್ಚೋ?

ಗೆಳೆಯರೆ,

ಹಿಮನದಿಗಳ ಪಾಠವನ್ನು ಕನ್ನಡದಲ್ಲಿ ಹೇಳುವಾಗ ಎಲ್ಲಕ್ಕಿಂತ ಹೆಚ್ಚು ಕಾಡುವ ಪದ ‘ಮಾಸ್ ಬ್ಯಾಲೆನ್ಸ್’. ಇದನ್ನು ‘ದ್ರವ್ಯರಾಶಿ ಸಮತೋಲನ’ ಎಂದು ಬರೆಯುವವರಿದ್ದಾರೆ. ಈ ಅನುವಾದ ವಿದ್ಯಾರ್ಥಿಯನ್ನು ತಪ್ಪು ದಾರಿಗೆ ಹಚ್ಚುತ್ತದೆ ಎನ್ನುವುದು ನನ್ನ ತಕರಾರು. ಬದಲಿಗೆ ಏನು ಬಳಸಬಹುದು ಎಂದು ನಿಮ್ಮನ್ನು ಕೇಳುತ್ತಿದ್ದೇನೆ.

ಸಮತೋಲನ ಅಂದರೆ ತಕ್ಕಡಿಯ ಎರಡೂ ತಟ್ಟೆ ಒಂದೇ ಮಟ್ಟದಲ್ಲಿ ನಿಲ್ಲುವುದು. ‘ಈ ಹಿಮನದಿಯ ಸಮತೋಲನ ಋಣಾತ್ಮಕವಾಗಿದೆ’ ಎಂದು ಹೇಳಿದರೆ ಕಲಬುರಗಿಯ ತರಗತಿಯಲ್ಲಿ ‘ಸಮ ಇದ್ದದ್ದು ಋಣ ಹೆಂಗ ಆಗ್ತದ್ರಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಇಂಗ್ಲಿಷಿನ ಆ ‘ಬ್ಯಾಲೆನ್ಸ್’ ತಕ್ಕಡಿಯದಲ್ಲ, ಲೆಕ್ಕದ ಪುಸ್ತಕದ್ದು. ವರ್ಷದಲ್ಲಿ ಹಿಮನದಿಗೆ ಬಂದದ್ದೆಷ್ಟು, ಹೋದದ್ದೆಷ್ಟು, ಎರಡರ ವ್ಯತ್ಯಾಸವೆಷ್ಟು – ಅಷ್ಟೇ ಅದರ ಅರ್ಥ. ಇದಕ್ಕೆ ನಮ್ಮ ಭಾಗದ ದಾಲ್ ಮಿಲ್ಲು, ಕಿರಾಣಿ ಅಂಗಡಿಗಳ ಖಾತೆಯಲ್ಲಿ ಸಿದ್ಧ ಪದಗಳಿವೆ: ಜಮಾ, ಖರ್ಚು, ಶಿಲ್ಕು, ಖೋತಾ. ಪಾರಸಿ-ಉರ್ದು-ಮರಾಠಿಯ ದಾರಿಯಲ್ಲಿ ಬಂದು ಎಂದೋ ಕನ್ನಡವಾದ ಪದಗಳಿವು.

ಮೊದಲು ನೆನಪಾಗುವುದು ‘ಶಿಲ್ಕು’. ಆದರೆ ಅಲ್ಲೊಂದು ತೊಡಕಿದೆ. ಶಿಲ್ಕು ಎಂದರೆ ಪೆಟ್ಟಿಗೆಯಲ್ಲಿ ಉಳಿದಿರುವ ಒಟ್ಟು ಹಣ. ಹಿಮನದಿಯಲ್ಲಿ ಅದಕ್ಕೆ ಸಾಟಿಯಾಗುವುದು ಅಲ್ಲಿರುವ ಒಟ್ಟು ಗಡ್ಡೆ (ಐಸ್). ನೂರು ಮೀಟರ್ ದಪ್ಪದ ಗಡ್ಡೆ ಇರುವಾಗಲೂ ಈ ವರ್ಷದ ಲೆಕ್ಕ ಖೋತಾ ಆಗಬಹುದು. ನಾವು ಅಳೆಯುವುದು ಆರಂಭ ಶಿಲ್ಕಿಗೂ ಅಖೈರು ಶಿಲ್ಕಿಗೂ ಇರುವ ವ್ಯತ್ಯಾಸವನ್ನು. ಹಾಗಾಗಿ ನನ್ನ ಸೂಚನೆ: ಲೆಕ್ಕಕ್ಕೆ ‘ಹಿಮದ ಜಮಾಖರ್ಚು’, ಅದರಿಂದ ಬರುವ ಅಂಕಿಗೆ ‘ನಿವ್ವಳ ಜಮೆ’, ಅದು ಸೊನ್ನೆಗಿಂತ ಕೆಳಗಿದ್ದರೆ ‘ಖೋತಾ’. ಶಿಲ್ಕನ್ನು ಒಟ್ಟು ಗಡ್ಡೆಗೇ ಮೀಸಲಿಡೋಣ. ಹಿಮಾಚಲದ ಲಾಹೌಲ್-ಸ್ಪಿತಿಯ ಛೋಟಾ ಶಿಗ್ರಿ ಸುಮಾರು 9 ಕಿ.ಮೀ. ಉದ್ದದ ಹಿಮನದಿ. 2002ರಿಂದ ಅದರ ಲೆಕ್ಕ ಇಡಲಾಗುತ್ತಿದೆ. ‘ಛೋಟಾ ಶಿಗ್ರಿಯಲ್ಲಿ ವರ್ಷಕ್ಕೆ ಸರಾಸರಿ ಅರ್ಧ ಮೀಟರ್ ನೀರಿನಷ್ಟು ಖೋತಾ’ ಎಂದರೆ ವಿವರಣೆ ಬೇಕಾಗುವುದಿಲ್ಲ.

ಹಿಮನದಿ ಕಳೆದುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿರುವ ಪದ ‘ಅಬ್ಲೇಶನ್’. ಅದಕ್ಕೆ ‘ಖರ್ಚು’ ಎನ್ನುವುದಕ್ಕೆ ಇನ್ನೂ ಗಟ್ಟಿ ಕಾರಣವಿದೆ. ‘ಕರಗುವಿಕೆ’ ಎಂದು ಬರೆದರೆ ಅರ್ಧ ಮಾತ್ರ ಹೇಳಿದಂತೆ. ಒಣ ಗಾಳಿಯ ಚಳಿಗಾಲದಲ್ಲಿ ಹಿಮ ನೀರಾಗದೆಯೇ ನೇರವಾಗಿ ಆವಿಯಾಗುತ್ತದೆ. ಗಾಳಿ ಹೊತ್ತೊಯ್ಯುತ್ತದೆ. ಸರೋವರಕ್ಕೆ ಇಳಿದ ಹಿಮನದಿಯ ತುದಿ ಮುರಿದು ಬೀಳುತ್ತದೆ. ಇವೆಲ್ಲ ಖರ್ಚು, ಯಾವುದೂ ಕರಗಿದ್ದಲ್ಲ. ಇದರ ತಿರುವುಮುರುವೂ ಉಂಟು: ಮೇಲ್ಮೈಯಲ್ಲಿ ಕರಗಿದ ನೀರು ಕೆಳಗಿನ ತಣ್ಣನೆಯ ಹಿಮಕ್ಕೆ ಇಂಗಿ ಮತ್ತೆ ಹೆಪ್ಪುಗಟ್ಟಿದರೆ, ಕರಗಿತು ಆದರೆ ಖರ್ಚಾಗಲಿಲ್ಲ. ಈ ವ್ಯತ್ಯಾಸವನ್ನು ‘ಕರಗುವಿಕೆ’ ಎಂಬ ಪದ ಹೊರಲಾರದು. ‘ಸವೆತ’ವನ್ನು ಸೂಚಿಸುವವರೂ ಇದ್ದಾರೆ. ಆದರೆ ಹಿಮನದಿ ತನ್ನ ತಳದ ಬಂಡೆಯನ್ನು ಉಜ್ಜಿ ಕೊರೆಯುವುದಕ್ಕೆ ಆ ಪದ ಆಗಲೇ ಸಲ್ಲುತ್ತಿದೆ. ಒಂದೇ ಪಾಠದಲ್ಲಿ ‘ಹಿಮನದಿಯ ಸವೆತ’ ಎರಡು ಅರ್ಥದಲ್ಲಿ ಬಂದರೆ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಅದರ ಫಲ ಕಾಣುತ್ತದೆ.

‘ಸಮತೋಲ’ವನ್ನು ಪೂರ್ತಿ ಕೈಬಿಡಬೇಕೆಂದಲ್ಲ. ಹಿಮನದಿಯ ಮೇಲ್ಭಾಗದಲ್ಲಿ ಜಮೆ ಹೆಚ್ಚು, ಕೆಳಭಾಗದಲ್ಲಿ ಖರ್ಚು ಹೆಚ್ಚು. ನಡುವೆ ಎರಡೂ ಸರಿಯಾಗುವ ಒಂದು ಎತ್ತರವಿದೆ. ಅಲ್ಲಿ ತಕ್ಕಡಿ ನಿಜವಾಗಿಯೂ ಸಮ ನಿಲ್ಲುತ್ತದೆ. ‘ಸಮತೋಲ ರೇಖೆ’ ಎಂದರೆ ಸರಿ, ‘ಸರಿದೂಗುವ ಗೆರೆ’ ಎಂದರೆ ಇನ್ನೂ ಚೆಂದ.

ಇನ್ನು ‘ಬರ್ಫ’. ಕಲಬುರಗಿ, ಬೀದರಿನಲ್ಲಿ ಬರ್ಫ ಎಂದರೆ ಕಾರ್ಖಾನೆಯ ಗಟ್ಟಿ ಗಡ್ಡೆ, ಗೋಲಾ ಮಾಡಲು ತುರಿಯುವಂಥದ್ದು. ಹಿಮಾಚಲದ ಹಿಂದಿಯಲ್ಲಿ ಬರಫ್ ಎಂದರೆ ಆಗಷ್ಟೇ ಬಿದ್ದ ಹಿಮವೂ ಹೌದು, ಗಡ್ಡೆಯೂ ಹೌದು. ನಮ್ಮ ಹುಡುಗ ಅಲ್ಲಿಗೆ ಹೋಗಿ ಟಿಪ್ಪಣಿ ಪುಸ್ತಕದಲ್ಲಿ ‘ಬರ್ಫ 40 ಸೆಂ.ಮೀ.’ ಎಂದಷ್ಟೇ ಬರೆದು ತಂದರೆ ಆ ಅಂಕಿ ಉಪಯೋಗಕ್ಕಿಲ್ಲ. ಹೊಸ ಹಿಮದ ಸಾಂದ್ರತೆ ಘನ ಮೀಟರಿಗೆ 50ರಿಂದ 200 ಕೆ.ಜಿ. ಒಂದು ಬೇಸಿಗೆ ದಾಟಿ ಉಳಿದ ಹಿಮದ್ದು ಸುಮಾರು 400ರಿಂದ 830. ಅಲ್ಲಿಂದಾಚೆ ಒಳಗಿನ ಗಾಳಿಯ ದಾರಿಗಳೆಲ್ಲ ಮುಚ್ಚಿ ಅದು ಗಡ್ಡೆಯಾಗುತ್ತದೆ. ಗಾಳಿಗುಳ್ಳೆಯೇ ಇಲ್ಲದ ಗಡ್ಡೆ 917. ಚೀಲದ ಎತ್ತರ ನೋಡಿ ಯಾರೂ ತೊಗರಿ ಕೊಳ್ಳುವುದಿಲ್ಲ, ಕಾಟಾಕ್ಕೆ ಹಾಕುತ್ತಾರೆ. ಹಿಮವೂ ಹಾಗೆಯೇ. ಆದ್ದರಿಂದ ಪಾಠದಲ್ಲಿ ‘ಹಿಮ’, ‘ಹಳೆಹಿಮ’, ‘ಗಡ್ಡೆ’ ಎಂದು ಮೂರನ್ನು ಬಿಗಿಯಾಗಿ ಬೇರೆ ಇಡಬೇಕು. ಬೇಸಿಗೆ ದಾಟಿ ಉಳಿದ ಹಿಮಕ್ಕೆ ಬಳಸುವ ‘ಫರ್ನ್’ ಎಂಬ ಜರ್ಮನ್ ಪದದ ಮೂಲಾರ್ಥವೂ ‘ಹೋದ ವರ್ಷದ್ದು’ ಎಂದೇ, ‘ಹಳೆಹಿಮ’ ಅದಕ್ಕೆ ಚೆನ್ನಾಗಿ ಕೂಡುತ್ತದೆ. ‘ಮಂಜು’ ಮಾತ್ರ ಬೇಡ. ಅದು ನಮ್ಮಲ್ಲಿ ಡಿಸೆಂಬರ್ ಬೆಳಗಿನ ಮಬ್ಬಿಗೂ ಇಬ್ಬನಿಗೂ ಸಲ್ಲುವ ಪದ.

ಪದಗಳು ಕೆಲಸದಲ್ಲಿ ಹೇಗೆ ನಿಲ್ಲುತ್ತವೆ ನೋಡೋಣ. ಖರ್ಚಿನ ಭಾಗದಲ್ಲಿ ಉಗಿಯಿಂದ ಕೊರೆಯುವ ಯಂತ್ರದಿಂದ 8–10 ಮೀಟರ್ ಆಳದ ತೂತು ಕೊರೆದು, ಎರಡೆರಡು ಮೀಟರಿನ ಬಿದಿರು ತುಂಡುಗಳನ್ನು ತಂತಿಯಿಂದ ಜೋಡಿಸಿ ಇಳಿಸುತ್ತಾರೆ. ಹೋದ ಅಕ್ಟೋಬರಿನಲ್ಲಿ ಗಡ್ಡೆಯ ಮೇಲೆ 40 ಸೆಂ.ಮೀ. ಕಂಡ ಬಿದಿರು ಈ ಅಕ್ಟೋಬರಿನಲ್ಲಿ 290 ಸೆಂ.ಮೀ. ಕಂಡಿತೆನ್ನಿ. ಗಡ್ಡೆ 250 ಸೆಂ.ಮೀ. ಇಳಿದಿದೆ. ಗಡ್ಡೆಯ ಸಾಂದ್ರತೆ ನೀರಿನ ಸುಮಾರು 0.9ರಷ್ಟು, ಅದರಿಂದ ಗುಣಿಸಿದರೆ 225 ಸೆಂ.ಮೀ. ನೀರಿನಷ್ಟು ಖರ್ಚು. ಅಳೆಯುವ ದಿನ ಗಡ್ಡೆಯ ಮೇಲೆ 15 ಸೆಂ.ಮೀ. ಹೊಸ ಹಿಮ ಬಿದ್ದಿದ್ದರೆ ಬಿದಿರು 275 ಮಾತ್ರ ಕಾಣುತ್ತದೆ. ಹೊಸಬರು ತಪ್ಪುವುದು ಇಲ್ಲೇ: ಹಿಮ ಕೆದರಿ ಗಡ್ಡೆಯ ಮೈತನಕ ಅಳೆಯಬೇಕು, ಆ 15 ಮುಂದಿನ ವರ್ಷದ ಜಮೆ. ಬಿದಿರು ಪೂರ್ತಿ ಹೊರಬಿದ್ದು ಮಲಗಿದ್ದರೆ ‘ಕನಿಷ್ಠ ಇಷ್ಟು’ ಎಂದಷ್ಟೇ ಬರೆಯಲು ಬರುತ್ತದೆ.

ಜಮೆಯ ಭಾಗದಲ್ಲಿ ಗುಂಡಿ ತೋಡುತ್ತಾರೆ. ಹೋದ ಬೇಸಿಗೆಯ ಮೈ ಧೂಳು ಕೂತು ಕಪ್ಪಾದ, ಗಟ್ಟಿ ಪದರಾಗಿ ಸಿಗುತ್ತದೆ. ಶಹಾಬಾದಿ ಕಲ್ಲಿನ ಗಣಿಯಲ್ಲಿ ಫರಸಿ ಪದರು ಎಣಿಸುವ ಕಣ್ಣು ಇಲ್ಲಿ ಕೆಲಸಕ್ಕೆ ಬರುತ್ತದೆ. ಗುಂಡಿಯ ಗೋಡೆಗೆ ಮೇಲಿನಿಂದ ಕೆಳಗಿನವರೆಗೆ 500 ಘನ ಸೆಂ.ಮೀ.ನ ಉಕ್ಕಿನ ಕೊಳವೆ ಚುಚ್ಚಿ ತೂಕ ಮಾಡುತ್ತಾರೆ. ಸರಾಸರಿ 225 ಗ್ರಾಂ ಬಂದರೆ ಸಾಂದ್ರತೆ ನೀರಿನ 0.45ರಷ್ಟು. ಆಳ 220 ಸೆಂ.ಮೀ. ಇದ್ದರೆ ಜಮೆ 99 ಸೆಂ.ಮೀ. ನೀರಿನಷ್ಟು.

ಕೊನೆಗೆ ಇವೆರಡನ್ನು ಕೂಡಿಸಿ ಎರಡರಿಂದ ಭಾಗಿಸುವಂತಿಲ್ಲ. ಕೆಳಭಾಗ 3 ಚದರ ಕಿ.ಮೀ., ಮೇಲ್ಭಾಗ 5 ಚದರ ಕಿ.ಮೀ. ಎಂದಿಟ್ಟುಕೊಳ್ಳಿ. 3ನ್ನು −2.25ರಿಂದ ಗುಣಿಸಿದರೆ −6.75, 5ನ್ನು 0.99ರಿಂದ ಗುಣಿಸಿದರೆ 4.95. ಕೂಡಿಸಿ 8ರಿಂದ ಭಾಗಿಸಿದರೆ ಖೋತಾ ಸುಮಾರು 0.23 ಮೀಟರ್. ಬರೀ ಸರಾಸರಿ ತೆಗೆದಿದ್ದರೆ 0.63 ಬರುತ್ತಿತ್ತು, ಹೆಚ್ಚುಕಡಿಮೆ ಮೂರು ಪಟ್ಟು.

ಮೇಲೆ ‘ಬೇಸಿಗೆ’ ಎಂದು ಬರೆದೆನಲ್ಲ, ಅದೂ ನಮ್ಮ ಬಿಸಿಲ ನಾಡಿನಲ್ಲಿ ಅಪಾಯದ ಪದ. ಇಲ್ಲಿ ಬೇಸಿಗೆ ಎಂದರೆ ಮಾರ್ಚ್‌ನಿಂದ ಮೇ. ಹಿಮನದಿಯ ‘ಸಮ್ಮರ್’ ಜೂನ್‌ನಿಂದ ಸೆಪ್ಟೆಂಬರ್, ಅಂದರೆ ನಮ್ಮ ಮಳೆಗಾಲ. ನೇಪಾಳದ ಕಡೆಯ ಹಿಮನದಿಗಳಿಗೆ ಜಮೆ ಹೆಚ್ಚಾಗಿ ಬರುವುದೂ ಮುಂಗಾರಿನಲ್ಲೇ, ಖರ್ಚಾಗುವುದೂ ಆಗಲೇ. ಅದನ್ನು ‘ಬೇಸಿಗೆ ಸಂಚಯ’ ಎಂದು ಅನುವಾದಿಸಿದರೆ ಅರ್ಥವೇ ಕೆಡುತ್ತದೆ, ‘ಮಳೆಗಾಲದ ಜಮೆ’ ಎನ್ನಬೇಕು. ‘ಕರಗುವ ಕಾಲ’ ಎಂದು ಬರೆದರೆ ಎಲ್ಲ ಊರಿಗೂ ಸಲ್ಲುತ್ತದೆ. ಲೆಕ್ಕದ ವರ್ಷವೂ ಏಪ್ರಿಲ್‌ನಿಂದ ಅಲ್ಲ, ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30.

‘ಹಿಮಪಾತ’ದ ಬಗ್ಗೆಯೂ ಒಂದು ಮಾತು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಮತ್ತು ಸಂಗಡಿಗರ ಮೇಲೆ ಬಿದ್ದದ್ದು ಹಿಮದ ರಾಶಿ. ಅಂಥದ್ದಕ್ಕೂ ‘ಹಿಮಪಾತ’, ಶಿಮ್ಲಾದಲ್ಲಿ ಹಗುರಾಗಿ ಉದುರುವ ಹಿಮಕ್ಕೂ ‘ಹಿಮಪಾತ’ ಎಂದು ಬರೆಯುವುದು ಸರಿಯಲ್ಲ. ಮೊದಲನೆಯದು ‘ಹಿಮಕುಸಿತ’. 2021ರ ಫೆಬ್ರವರಿ 7ರಂದು ಉತ್ತರಾಖಂಡದ ಚಮೋಲಿಯಲ್ಲಿ ಆದದ್ದನ್ನು ‘ಹಿಮನದಿ ಸ್ಫೋಟ’ ಎಂದು ಕರೆದದ್ದೂ ತಪ್ಪೇ. ಅಲ್ಲಿ ಸುಮಾರು 2.7 ಕೋಟಿ ಘನ ಮೀಟರ್ ಬಂಡೆ ಮತ್ತು ಗಡ್ಡೆ ಕಳಚಿ ಬಿದ್ದವು, ಅದರಲ್ಲಿ ಬಂಡೆಯದೇ ದೊಡ್ಡ ಪಾಲು. ಯಾವುದೂ ಸಿಡಿಯಲಿಲ್ಲ.

ಈಗ ನನ್ನ ಪ್ರಶ್ನೆಗಳು. ಪಠ್ಯಪುಸ್ತಕದಲ್ಲಿ ‘ಜಮಾಖರ್ಚು’ ಎಂದು ಅಚ್ಚು ಹಾಕಿದರೆ ದಕ್ಷಿಣದ ಜಿಲ್ಲೆಗಳ ಮಕ್ಕಳಿಗೆ ನೇರವಾಗಿ ತಿಳಿಯುತ್ತದೆಯೇ, ‘ಆಯವ್ಯಯ’ ಬೇಕಾಗುತ್ತದೆಯೇ? ಬೀದರ್, ಯಾದಗಿರಿ ಕಡೆಯ ಅಂಗಡಿ ಖಾತೆಗಳಲ್ಲಿ ‘ಖೋತಾ’ ಬರೆಯುತ್ತಾರೋ, ‘ಲುಕ್ಸಾನು’ ಬರೆಯುತ್ತಾರೋ? ಮತ್ತೆ, ಗುಂಡಿಯಲ್ಲಿ ಸಿಗುವ ಹೋದ ವರ್ಷದ ಆ ಕಪ್ಪು ಪದರಿಗೆ ಒಂದೇ ಮಾತಿನ ಹೆಸರು ಯಾರಿಗಾದರೂ ಹೊಳೆಯುತ್ತದೆಯೇ?