ಅಕ್ಕ, ಆ ಆಲದ ಮರಕ್ಕೆ ಬುಡವೇ ಇಲ್ಲ

ಅಕ್ಕ, ಈಗ ನೋಡ್ದೆ ನಿನ್ನ ಮೆಸೇಜು. ಗಂಗಾಸಾಗರ ಮುಗಿಸಿ ಕಲ್ಕತ್ತಾದಲ್ಲಿ ಒಂದು ದಿನ ಮಿಗುತ್ತೆ, ಹೌರಾದ ಸಸ್ಯೋದ್ಯಾನಕ್ಕೆ ಹೋಗಬಹುದಾ, ಭಾವನ ಮಂಡಿಗೆ ಆಗುತ್ತಾ ಅಂತ ಕೇಳಿದೀಯ. ಅದರ ಕೆಳಗೇ ಭಾವ ಬೇರೆ 'ಲಾಲ್‌ಬಾಗ್ ನೋಡಿದವರಿಗೆ ಅಲ್ಲೇನಿದೆ' ಅಂತ ಹಾಕಿದಾರೆ. ಟೈಪ್ ಮಾಡ್ತಾ ಕೂತ್ರೆ ಸಂಜೆ ಆಗುತ್ತೆ, ಅದಕ್ಕೇ ಮಾತಾಡ್ತಿದೀನಿ. ಉದ್ದ ಆದ್ರೆ ಬೈಕೋಬೇಡಿ.

ಹೋಗಿ. ಖಂಡಿತಾ ಹೋಗಿ. ಆದ್ರೆ ಟ್ಯಾಕ್ಸಿಯವನಿಗೆ ಬರೀ ಗಾರ್ಡನ್ ಅನ್ನಬೇಡಿ. ನಮ್ಮ ಡ್ರೈವರ್‌ಗೆ ಗಾರ್ಡನ್ ಅನ್ನೋದೊಂದೇ ಕಿವಿಗೆ ಬಿತ್ತು, ಸೀದಾ ತಗೊಂಡೋಗಿ ಈಡನ್ ಗಾರ್ಡನ್ಸ್ ಸ್ಟೇಡಿಯಂ ಮುಂದೆ ಇಳಿಸಿದ. ನಮ್ಮನೆಯವ್ರಿಗೆ ಅದೇ ಖುಷಿ! 2001ರಲ್ಲಿ ಆಸ್ಟ್ರೇಲಿಯಾ ಮೇಲೆ ನಮ್ಮ ದ್ರಾವಿಡ್ 180 ಹೊಡೆದಿದ್ದು ಇಲ್ಲೇ ಕಣೇ ಅಂತ ಗೇಟ್ ಮುಂದೆ ನಿಂತು ಫೋಟೋ ತೆಗೆಸ್ಕೊಂಡ್ರು. ಒಂದು ಗಂಟೆ ಹೋಯ್ತು. ನೀವು 'ಶಿಬ್‌ಪುರ್, ಬಿ ಗಾರ್ಡನ್' ಅನ್ನಿ, ಬೊಟಾನಿಕಲ್ ಗಾರ್ಡನ್‌ಗೆ ಅಲ್ಲಿ ಹಾಗಂತಾರೆ. ಹೂಗ್ಲಿ ಮೇಲಿನ ವಿದ್ಯಾಸಾಗರ ಸೇತುವೆ ದಾಟಿ ಆಚೆ ದಡಕ್ಕೆ ಹೋಗಬೇಕು.

ಭಾವ, ನಿಮ್ಮ ಪ್ರಶ್ನೆಗೆ ಬರ್ತೀನಿ. ಲಾಲ್‌ಬಾಗು 240 ಎಕರೆ, ಇದು 273. ಅಳತೆಯಲ್ಲಿ ಅಂಥಾ ವ್ಯತ್ಯಾಸವೇನಿಲ್ಲ. ಆದ್ರೆ ಲಾಲ್‌ಬಾಗ್ ಹೈದರಾಲಿ ಆಸೆಪಟ್ಟು ಮಾಡಿಸಿದ ತೋಟ. ಇದು 1787ರಲ್ಲಿ ರಾಬರ್ಟ್ ಕಿಡ್ ಅನ್ನೋ ಕರ್ನಲ್ಲು ಈಸ್ಟ್ ಇಂಡಿಯಾ ಕಂಪನಿಗೆ ಲಾಭ ಆಗ್ಲಿ ಅಂತ ಶುರು ಮಾಡಿದ್ದು. ಹಡಗು ಕಟ್ಟೋಕೆ ತೇಗ, ವ್ಯಾಪಾರಕ್ಕೆ ಮಸಾಲೆ ಗಿಡ. ಜನಕ್ಕೂ ಒಂದು ಇತ್ತು ಅನ್ನಿ, ಬರ ಬಂದ್ರೆ ಹೊಟ್ಟೆಗಾಗ್ಲಿ ಅಂತ ಸಾಬಕ್ಕಿ ಮರ ಬೆಳೆಸೋ ಯೋಚನೆ. 1770ರ ಬಂಗಾಳದ ಕ್ಷಾಮ ಆಗಿ ಇನ್ನೂ ಇಪ್ಪತ್ತು ವರ್ಷ ಆಗಿರ್ಲಿಲ್ಲ. ಸಾಬಕ್ಕಿಗೂ ಮರ ಇದೆ ಅನ್ನೋದೇ ನನಗೆ ಗೊತ್ತಿರ್ಲಿಲ್ಲ, ಏಕಾದಶಿಗೆ ಇಷ್ಟು ವರ್ಷ ಕಿಚಡಿ ಮಾಡ್ತಾನೇ ಇದೀನಿ. ನಮ್ಮಲ್ಲಿ ಸಿಗೋದು ಮರಗೆಣಸಿಂದು, ಅದು ಬೇರೆ ಬಿಡಿ.

ಇನ್ನೊಂದು ಕೇಳಿ. 1819ರ ಹೊತ್ತಿಗೆ ನಿಮ್ಮ ಲಾಲ್‌ಬಾಗನ್ನೇ ಈ ತೋಟದ ಮುಖ್ಯಸ್ಥ ವಾಲಿಚ್ ಅನ್ನೋರ ಉಸ್ತುವಾರಿಗೆ ಕೊಟ್ಟಿದ್ರು. ಅಂದ್ರೆ ಇದು ಬೀಗರ ಮನೆ ಇದ್ದಹಾಗೆ. ಅಪ್ಪ ನೆಟ್ಟ ಆಲದ ಮರಕ್ಕೇ ಜೋತು ಬೀಳಬೇಡಿ ಭಾವ, ಒಂದ್ಸಲ ಈ ಆಲದ ಮರಾನೂ ನೋಡಿ.

ಅಕ್ಕ, ಆ ಮರದ ವಿಷಯ ಹೇಳೋಕೇ ಇಷ್ಟು ಹೊತ್ತು ಮಾತಾಡಿದ್ದು. ದೂರದಿಂದ ನೋಡಿದ್ರೆ ಮರ ಅನ್ಸಲ್ಲ, ತೋಪು ಅನ್ಸುತ್ತೆ. ನಾನು 'ಎಲ್ರೀ ಆಲದ ಮರ' ಅಂತ ಕೇಳ್ತಾ ಅದರ ಪಕ್ಕದಲ್ಲೇ ನಡೀತಿದ್ದೆ! ಮೂರೂವರೆ ಎಕರೆ ಮೇಲೆ ಹರಡಿದೆ, ಬಿಳಲೇ 3,500ಕ್ಕೂ ಹೆಚ್ಚು. ಸುತ್ತ ಒಂದು ರಸ್ತೆ ಮಾಡಿದ್ರು, 330 ಮೀಟರ್‌ದು. ಮರ ಅದನ್ನೂ ದಾಟಿ ಆಚೆ ಹೋಗಿದೆ.

ಒಂದು ನಿಮಿಷ ಇರಿ, ಹಾಲು ಇಟ್ಟಿದ್ದೆ... ಹ್ಞಾ, ಬಂದೆ.

ಏನು ಹೇಳ್ತಿದ್ದೆ? ಬುಡ. ಅದಕ್ಕೆ ಬುಡ ಇಲ್ಲ ಅಕ್ಕ. 1864ರಲ್ಲಿ ಒಂದು, 1867ರಲ್ಲಿ ಇನ್ನೊಂದು ಚಂಡಮಾರುತ ಬಂದು ದೊಡ್ಡ ಕೊಂಬೆಗಳು ಮುರಿದ್ವಂತೆ. ಗಾಯ ಆದ ಕಡೆ ಅಣಬೆರೋಗ ಹತ್ತಿ ಬುಡ ಒಳಗೊಳಗೇ ಕೊಳೀತು. ಕೊನೆಗೆ 1925ರಲ್ಲಿ ಕಡಿದೇ ಹಾಕಿದ್ರು. ಉಳಿದ ಮರಕ್ಕೆ ಏನೂ ಆಗ್ಲಿಲ್ಲ, ನೂರು ವರ್ಷದಿಂದ ಬರೀ ಬಿಳಲ ಮೇಲೆ ನಿಂತಿದೆ. 2020ರ ಅಂಫನ್ ಚಂಡಮಾರುತದಲ್ಲೂ ಪೆಟ್ಟು ತಿಂದಿದೆ. ನಾವು ಚಿಕ್ಕವರಿದ್ದಾಗ ಅಪ್ಪ ಕೆಂಗೇರಿ ಹತ್ರದ ದೊಡ್ಡ ಆಲದ ಮರಕ್ಕೆ ಕರ್ಕೊಂಡು ಹೋಗಿದ್ರಲ್ಲ, ಕೋತಿ ಬಂದು ಚಿತ್ರಾನ್ನದ ಡಬ್ಬಿನೇ ಹೊತ್ಕೊಂಡು ಹೋಯ್ತಲ್ಲ, ಆ ಮರದ ಬುಡವೂ ರೋಗ ಬಂದು ಹೋಗಿದೆ. ಅದೂ ಹೀಗೇ ಬಿಳಲ ಮೇಲೆ ನಿಂತಿರೋದು.

ಆರಂಭದ್ದು ಇನ್ನೂ ಚೆನ್ನಾಗಿದೆ. ಹುಕರ್ ಅನ್ನೋ ಸಸ್ಯವಿಜ್ಞಾನಿ ಬರೆದಿಟ್ಟಿದಾರೆ: 1782ರಲ್ಲಿ ಆ ಜಾಗದಲ್ಲಿದ್ದದ್ದು ಒಂದು ಈಚಲ ಮರ, ಅದರ ಕೆಳಗೆ ಒಬ್ಬ ಫಕೀರ ಕೂರ್ತಿದ್ದ, ಈಚಲದ ತಲೆಯಲ್ಲಿ ಆಲ ಮೊಳೀತು ಅಂತ. ಯಾವ ಹಕ್ಕಿ ಹಿಕ್ಕೆ ಹಾಕಿತ್ತೋ. ಅಂದ್ರೆ ಕಿಡ್ ಸಾಹೇಬ ಬರೋ ಮೊದಲೇ ಮರ ಅಲ್ಲಿತ್ತು, ತೋಟ ಆಮೇಲೆ ಬಂತು.

ಬೇಲಿ ಇದೆ, ಒಳಗೆ ಬಿಡಲ್ಲ. ಆದ್ರೆ ಬೇಲಿ ಹತ್ರಾನೇ ಒಂದು ಎಳೇ ಬಿಳಲು ನನ್ನ ಹಣೆ ಎತ್ತರಕ್ಕೆ ನೇತಾಡ್ತಿತ್ತು. ಮೇಲೆಲ್ಲ ಕಂದು, ತುದಿ ಮಾತ್ರ ಹಳದಿ-ಹಸಿರು, ಮಗೂಗೆ ಮೊದಲ ಹಲ್ಲು ಬರುತ್ತಲ್ಲ ಹಾಗೆ ಮೊನಚಾಗಿ ಹೊಳೀತಿತ್ತು. ನೆಲ ಮುಟ್ಟೋಕೆ ಇನ್ನೂ ನಾಲ್ಕಡಿ ಇತ್ತು. ಕೆಲವಕ್ಕೆ ಬಿದಿರು ಕಟ್ಟಿ ಕೆಳಗೆ ಇಳಿಸ್ತಾರೆ, ಬಾಣಂತಿ ಆರೈಕೆ! ಅಜ್ಜಿ ಊರಲ್ಲಿ ಬಿಳಲು ಹಿಡಿದು ಉಯ್ಯಾಲೆ ಆಡಿ ನೀನು ಕಿತ್ತುಹಾಕಿದ್ದೆಲ್ಲ ನೆನಪಾಯ್ತು. ಅಲ್ಲಿ ಹಾಗೆಲ್ಲ ಮಾಡಬೇಡ.

ಉಳಿದದ್ದು ಬೇಗ ಹೇಳ್ತೀನಿ. ಹುಚ್ಚು ಮರ ಅಂತ ಒಂದಿದೆ, ಬಂಗಾಳಿಯಲ್ಲಿ ಪಾಗೊಲ್ ಗಾಛ್. ಒಂದು ಎಲೆ ಇದ್ದಹಾಗೆ ಇನ್ನೊಂದಿಲ್ಲ. ಆಮೇಲೆ ನದಿ ದಡದಲ್ಲಿ ರಾಕ್ಸ್‌ಬರ್ಗ್ ಅನ್ನೋ ಸಸ್ಯವಿಜ್ಞಾನಿಯ ಮನೆ. 1793ರಲ್ಲಿ ಈ ತೋಟದ ಮುಖ್ಯಸ್ಥರಾಗಿ ಬಂದವರು, ನಮ್ಮ ದೇಶದ ಚಿತ್ರಗಾರರ ಕೈಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಗಿಡಗಳ ಚಿತ್ರ ಬರೆಸಿದ್ರು. ಹೆಸರು ಉಳಿದಿದ್ದು ಬರೆಸಿದವರದು, ಬರೆದವರನ್ನ ಯಾರು ಕೇಳ್ತಾರೆ.

ಈಗ ಮಂಡಿ ವಿಷಯ. ಎಲ್ಲಾ ನೋಡ್ತೀನಿ ಅಂತ ಹೊರಡಬೇಡಿ, ನಾವು ಹಾಗೆ ಹೊರಟು ದಾರಿ ತಪ್ಪಿ ಇನ್ನೊಂದು ಸುತ್ತು ಹೊಡೆದ್ವಿ, ನನ್ನ ಹೊಸ ಚಪ್ಪಲಿ ಉಂಗುಷ್ಟ ಅಲ್ಲೇ ಕಿತ್ತುಹೋಯ್ತು. ಹತ್ತು ಗಂಟೆ ಒಳಗೆ ಹೋಗಿ ಮೊದಲು ಆಲದ ಮರ ನೋಡ್ಬಿಡಿ. ಆಮೇಲೆ ಭಾವನ್ನ ನೆರಳಲ್ಲಿ ಕೂರಿಸಿ ನೀನು ಎಲ್ಲಿ ಬೇಕಾದ್ರೂ ಸುತ್ತು. ನೀರು ತಗೊಂಡೋಗಿ, ಸೊಳ್ಳೆಗೆ ಏನಾದ್ರೂ ಹಚ್ಕೊಳ್ಳಿ. ಸೋಮವಾರ ರಜೆ, ಟಿಕೆಟ್ ಮಾಡೋ ಮುಂಚೆ ಅದೊಂದು ನೋಡ್ಕೊಳ್ಳಿ. ಮರದ ಫೋಟೋ ಕಳಿಸು ಅಂದಿದೀಯ, ಹನ್ನೊಂದು ತೆಗೆದಿದೀನಿ, ಒಂದರಲ್ಲೂ ಪೂರ್ತಿ ಮರ ಬಂದಿಲ್ಲ. ದ್ರಾವಿಡ್ ಗ್ರೌಂಡ್ ಮುಂದೆ ನಮ್ಮನೆಯವ್ರು ನಿಂತಿರೋದು ಮಾತ್ರ ಚೆನ್ನಾಗಿ ಬಂದಿದೆ, ಅದನ್ನ ಹಾಕ್ತೀನಿ.